ಪಾಟಿ ತಿದ್ದುವವರು ಯಾರು?



ಹೋದ ತಿಂಗಳು ಹುಬ್ಬಳ್ಳಿಯಿಂದ ನನ್ನ ತಂಗಿಯ ಫೋನು ಬಂದಿತು. ದನಿಯಲ್ಲಿ ಆತಂಕವಿತ್ತು. "ಅಣ್ಣಾ, ಹುಡುಗಿ ಏನೋ ಬರದು ಕಳಿಸಿ ಏಳು ತಿಂಗಳಾತು. ಕೇಳಿದ್ರ ಇನ್ನೂ ಯಾರೋ ನೋಡಾಕತ್ತಾರ ಅಂತಾಳ. ಫೇಲಾಗಿ ನಮ್ಮ ಮುಂದ ಮುಚ್ಚಿಡಾಕತ್ತಾಳೇನ?" ಎಂದು ಕೇಳಿದಳು. ಅವಳ ಮಗಳು ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡುತ್ತಿರುವುದು ನಿಮ್ಮಲ್ಲಿ ಅನೇಕರಿಗೆ ತಿಳಿದಿದೆ. ಅವಳ ಲೇಖನ 'ಪಿಯರ್ ರಿವ್ಯೂ'ದಲ್ಲಿದೆ, ಅದು ಪರೀಕ್ಷೆಯ ಫಲಿತಾಂಶವಲ್ಲ, ತಡವಾದರೆ ನಪಾಸೆಂದು ಅರ್ಥವಲ್ಲ ಎಂದು ಸಮಾಧಾನ ಹೇಳಿದೆ. ತಂಗಿ ಸುಮ್ಮನಾಗಲಿಲ್ಲ. "ಅದೇನದು, ನನಗೂ ತಿಳಿಯೂಹಂಗ ಹೇಳು" ಎಂದಳು. ಅಂದು ಫೋನಿನಲ್ಲಿ ಅರ್ಧ ಹೇಳಿದ್ದನ್ನು ಇಂದು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಇದರಲ್ಲಿ ನನ್ನದೇ ಒಂದು ತಪ್ಪಿನ ಕಥೆಯೂ ಇದೆ. ಅದನ್ನು ಇದುವರೆಗೆ ಯಾರೆದುರಿಗೂ ಬಿಚ್ಚಿ ಹೇಳಿರಲಿಲ್ಲ.

ಪಿಯರ್ ರಿವ್ಯೂ ಎಂದರೆ ಸಮಾನ ಬಲ್ಲವರಿಂದ ಆಗುವ ಪರಿಶೀಲನೆ. ನನಗೆ ಇದರ ಮೊದಲ ಪಾಠವಾದದ್ದು ಯಾವ ವಿಶ್ವವಿದ್ಯಾಲಯದಲ್ಲೂ ಅಲ್ಲ, ಹೆಂಚಿನ ಮಾಡಿನ ಒಂದು ಪ್ರಾಥಮಿಕ ಶಾಲೆಯಲ್ಲಿ. 1970ರ ದಶಕದ ಮಾತು. ಒಂದೇ ಕೋಣೆಯಲ್ಲಿ ಎರಡು ಇಯತ್ತೆ, ಅರವತ್ತು ಮಕ್ಕಳು. ಶುದ್ಧಲೇಖನ ಬರೆಸಿದ ಮೇಲೆ ಅಷ್ಟೂ ಪಾಟಿಗಳನ್ನು ತಿದ್ದುವುದು ಒಬ್ಬ ಮಾಸ್ತರನಿಂದ ಆಗುವ ಕೆಲಸವಾಗಿರಲಿಲ್ಲ. "ಪಾಟಿ ಅದಲಿಬದಲಿ ಮಾಡ್ರಿ" ಎನ್ನುತ್ತಿದ್ದೆ. ಮಕ್ಕಳು ಪಕ್ಕದವರ ಪಾಟಿಯನ್ನು ತೆಗೆದುಕೊಂಡು, ನಾನು ಹಲಗೆಯ ಮೇಲೆ ಬರೆದುದನ್ನು ನೋಡಿ ತಿದ್ದುತ್ತಿದ್ದರು.

ಕೆಲವೇ ದಿನಗಳಲ್ಲಿ ಈ ಪದ್ಧತಿಯ ಗುಣದೋಷಗಳೆಲ್ಲ ನನ್ನ ಕಣ್ಣಿಗೆ ಬಿದ್ದವು. ಜೀವದ ಗೆಳೆಯರಿಬ್ಬರು ಪರಸ್ಪರರಿಗೆ ತಪ್ಪದೆ ಹತ್ತಕ್ಕೆ ಹತ್ತು ಕೊಡುತ್ತಿದ್ದರು. ಹೊಲದ ಬದುವಿಗಾಗಿ ಜಗಳವಾಡಿಕೊಂಡ ಎರಡು ಮನೆತನಗಳ ಹುಡುಗರು ಒಬ್ಬರಿಗೊಬ್ಬರು ಕೊಂಬು, ಒತ್ತುಗಳನ್ನೆಲ್ಲ ಹುಡುಕಿ ಹುಡುಕಿ ತಪ್ಪು ಹಾಕುತ್ತಿದ್ದರು. ಆಮೇಲೆ ನಾನು ಉಪಾಯ ಬದಲಿಸಿದೆ. ಪಾಟಿಗಳನ್ನೆಲ್ಲ ಮೇಜಿನ ಮೇಲೆ ಒಟ್ಟಿ, ಹೆಸರು ಅಳಿಸಿ ಸಂಖ್ಯೆ ಬರೆಸಿ, ಯಾರದು ಯಾರಿಗೆ ಹೋಯಿತೆಂದು ತಿಳಿಯದಂತೆ ಹಂಚತೊಡಗಿದೆ. ದೊಡ್ಡ ದೊಡ್ಡ ವಿದ್ವತ್ ಪತ್ರಿಕೆಗಳು ಮಾಡುವುದೂ ಇದನ್ನೇ ಎಂದು ತಿಳಿದದ್ದು ನಿವೃತ್ತಿಯ ನಂತರ.

ಆ ವ್ಯವಸ್ಥೆ ಹೀಗಿದೆ. ಸಂಶೋಧಕನು ತನ್ನ ಲೇಖನವನ್ನು ಪತ್ರಿಕೆಗೆ ಕಳಿಸುತ್ತಾನೆ. ಸಂಪಾದಕರು ಮೊದಲು ತಾವೇ ಓದಿ, ಅದು ತಮ್ಮ ಪತ್ರಿಕೆಗೆ ಒಗ್ಗದಿದ್ದರೆ ಅಲ್ಲಿಂದಲೇ ಹಿಂತಿರುಗಿಸುತ್ತಾರೆ. ಒಗ್ಗುವಂತಿದ್ದರೆ ಆ ವಿಷಯದಲ್ಲಿ ಕೆಲಸ ಮಾಡಿದ ಇಬ್ಬರು ಮೂವರಿಗೆ ಕಳಿಸುತ್ತಾರೆ. ಕೆಲವು ಪತ್ರಿಕೆಗಳಲ್ಲಿ ಪರಿಶೀಲಕರ ಹೆಸರು ಮಾತ್ರ ಗುಟ್ಟು, ಕೆಲವುಗಳಲ್ಲಿ ಇಬ್ಬರ ಹೆಸರೂ ಗುಟ್ಟು, ಈಚೆಗೆ ಕೆಲವುಗಳಲ್ಲಿ ಎಲ್ಲವೂ ಬಹಿರಂಗ. ಪರಿಶೀಲಕರು ಓದಿ ತಮ್ಮ ಟಿಪ್ಪಣಿ ಬರೆಯುತ್ತಾರೆ. ಹಾಗೆಯೇ ಸ್ವೀಕರಿಸಬಹುದು, ಸಣ್ಣ ತಿದ್ದುಪಡಿ ಬೇಕು, ದೊಡ್ಡ ತಿದ್ದುಪಡಿ ಬೇಕು, ಬೇಡ ಎಂಬ ನಾಲ್ಕರಲ್ಲಿ ಒಂದನ್ನು ಸೂಚಿಸುತ್ತಾರೆ. ಕೊನೆಯ ತೀರ್ಮಾನ ಸಂಪಾದಕರದು. ಲೇಖಕನು ಪ್ರತಿಯೊಂದು ಆಕ್ಷೇಪಕ್ಕೂ ಕ್ರಮವಾಗಿ ಉತ್ತರ ಬರೆದು ಮತ್ತೆ ಕಳಿಸಬೇಕು. ಸಾಮಾನ್ಯವಾಗಿ ಈ ಪರಿಶೀಲಕರಿಗೆ ಸಂಬಳವಿಲ್ಲ, ಭತ್ಯೆಯಿಲ್ಲ. ತಮ್ಮ ಪಾಠ, ತಮ್ಮ ಸಂಶೋಧನೆ ಮುಗಿಸಿ ಉಳಿದ ಹೊತ್ತಿನಲ್ಲಿ ಓದುತ್ತಾರೆ. ತಿಂಗಳುಗಟ್ಟಲೆ ತಡವಾಗಲು ಇದೇ ಮುಖ್ಯ ಕಾರಣ ಎಂದು ತಂಗಿಗೆ ಹೇಳಿದಾಗ ಅವಳ ಅರ್ಧ ಚಿಂತೆ ಇಳಿಯಿತು.

ನಮ್ಮ ಎಸ್.ಎಸ್.ಎಲ್.ಸಿ. ಮೌಲ್ಯಮಾಪನದ ಹಾಗೆಯೇ ಇದು ಎಂದು ನಾನು ಬಹುಕಾಲ ತಿಳಿದಿದ್ದೆ. ಅಲ್ಲಿಯೂ ಉತ್ತರಪತ್ರಿಕೆಯ ಮೇಲೆ ಹೆಸರಿರುವುದಿಲ್ಲ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಮೌಲ್ಯಮಾಪಕನ ಕೈಯಲ್ಲಿ ಮಾದರಿ ಉತ್ತರವಿರುತ್ತದೆ. ಸಂಶೋಧನೆಯಲ್ಲಿ ಮಾದರಿ ಉತ್ತರವೇ ಇಲ್ಲ. ಅದುವರೆಗೆ ಯಾರಿಗೂ ಗೊತ್ತಿಲ್ಲದ್ದನ್ನು ಒಬ್ಬ ಹೇಳುತ್ತಿರುವಾಗ ಅದು ಸರಿಯೋ ತಪ್ಪೋ ಎಂದು ಯಾವುದನ್ನು ನೋಡಿ ತಿದ್ದಬೇಕು? ಆದ್ದರಿಂದ ಪರಿಶೀಲಕ ಉತ್ತರಕ್ಕಿಂತ ಹೆಚ್ಚಾಗಿ ದಾರಿಯನ್ನು ತಿದ್ದುತ್ತಾನೆ. ಇಲ್ಲಿಗೆ ಹೇಗೆ ಬಂದಿ? ಬೇರೆ ದಾರಿ ನೋಡಿದೆಯಾ? ಎಣಿಸಿದ್ದು ಸರಿಯೇ? ಎಂದು ಕೇಳುತ್ತಾನೆ.

ಈ ಪದ್ಧತಿ ಸನಾತನವೆಂದು ಭಾವಿಸಬೇಕಾಗಿಲ್ಲ. ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ 1665ರಲ್ಲಿ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್' ಎಂಬ ಪತ್ರಿಕೆಯನ್ನು ಆರಂಭಿಸಿದಾಗ ಯಾವುದು ಅಚ್ಚಾಗಬೇಕೆಂಬುದು ಬಹುಮಟ್ಟಿಗೆ ಅವನ ಮರ್ಜಿಯಾಗಿತ್ತು. ಮುಂದೆಯೂ ಶತಮಾನಗಳ ಕಾಲ ಸಂಪಾದಕರ ವಿವೇಕವೇ ಪ್ರಧಾನ. ಡಿ.ಎನ್.ಎ.ಯ ರಚನೆಯನ್ನು ತಿಳಿಸಿದ ವಾಟ್ಸನ್ ಮತ್ತು ಕ್ರಿಕ್ ಅವರ ಪ್ರಸಿದ್ಧ ಲೇಖನ 1953ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದದ್ದು ಇಂಥ ಪರಿಶೀಲನೆಯಿಲ್ಲದೆಯೇ. ಆ ಪತ್ರಿಕೆ ಎಲ್ಲ ಸಂಶೋಧನಾ ಲೇಖನಗಳಿಗೂ ಇದನ್ನು ಕಡ್ಡಾಯ ಮಾಡಿದ್ದು 1973ರಲ್ಲಿ.

ಐನ್‌ಸ್ಟೈನರ ಪ್ರಸಂಗವೊಂದು ನನಗೆ ಬಹಳ ಪ್ರಿಯ. 1936ರಲ್ಲಿ ಅವರು ರೋಸೆನ್ ಎಂಬ ಕಿರಿಯ ಸಹೋದ್ಯೋಗಿಯೊಡನೆ ಬರೆದ ಲೇಖನವನ್ನು ಅಮೆರಿಕದ 'ಫಿಸಿಕಲ್ ರಿವ್ಯೂ' ಪತ್ರಿಕೆಗೆ ಕಳಿಸಿದರು. ಗುರುತ್ವದ ಅಲೆಗಳು ಇಲ್ಲವೆಂಬುದು ಅದರ ತೀರ್ಮಾನ. ಸಂಪಾದಕ ಜಾನ್ ಟೇಟ್ ಅದನ್ನು ಇನ್ನೊಬ್ಬ ತಜ್ಞರಿಗೆ ತೋರಿಸಿದರು. ತಜ್ಞರು ತಪ್ಪು ಹುಡುಕಿ ದೀರ್ಘ ಟಿಪ್ಪಣಿ ಬರೆದರು. ಐನ್‌ಸ್ಟೈನರಿಗೆ ಸಿಟ್ಟು ಬಂದಿತು. ಅಚ್ಚಿಗೆಂದು ಕಳಿಸಿದ್ದನ್ನು ಬೇರೆಯವರಿಗೆ ಏಕೆ ತೋರಿಸಿದಿರಿ ಎಂದು ಲೇಖನವನ್ನೇ ಹಿಂತೆಗೆದುಕೊಂಡರು. ಆದರೆ ತಪ್ಪು ಇದ್ದದ್ದು ನಿಜವಾಗಿತ್ತು. 1937ರಲ್ಲಿ ಆ ಲೇಖನ ಬೇರೊಂದು ಪತ್ರಿಕೆಯಲ್ಲಿ ಬಂದಾಗ ತೀರ್ಮಾನವೇ ಬದಲಾಗಿತ್ತು. ಟಿಪ್ಪಣಿ ಬರೆದವರು ಎಚ್.ಪಿ. ರಾಬರ್ಟ್‌ಸನ್ ಎಂಬುದು ಎಷ್ಟೋ ದಶಕಗಳ ಮೇಲೆ ಪತ್ರಿಕೆಯ ಹಳೆಯ ಕಡತದಿಂದ ಖಚಿತವಾಯಿತು. ಆ ಅಲೆಗಳನ್ನು ವಿಜ್ಞಾನಿಗಳು 2015ರಲ್ಲಿ ನೇರವಾಗಿ ಗುರುತಿಸಿದರು. ಐನ್‌ಸ್ಟೈನರ ಪಾಟಿಯನ್ನೂ ಪಕ್ಕದವರು ತಿದ್ದಬೇಕಾಯಿತು!

ಇನ್ನು ನನ್ನ ತಪ್ಪಿನ ಕಥೆಗೆ ಬರುತ್ತೇನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ಒಪ್ಪಿಗೆ ಪಡೆದೇ ಕಥೆಯನ್ನು ಹೇಳುತ್ತಿದ್ದೇನೆ. ನಮ್ಮ ದೇವಿಕೊಪ್ಪದ ಆಸುಪಾಸಿನ ಹಳ್ಳಿಯವನು. ತಂದೆ ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡಿ ಓದಿಸಿದವರು. ಹುಡುಗ ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಪಿಎಚ್.ಡಿ.ಗೆ ಸೇರಿದ. ಭತ್ತ ಬೆಳೆಯುತ್ತಿದ್ದ ನಮ್ಮ ಕಲಘಟಗಿ ಸೀಮೆಯ ರೈತರು ಗೋವಿನಜೋಳಕ್ಕೆ ಏಕೆ ತಿರುಗಿದರು ಎಂಬುದು ಅವನ ವಿಷಯ.

2014ರ ಒಂದು ಸಂಜೆ ಓಡುತ್ತ ಬಂದ. "ಸರ, ನನ್ನ ಪೇಪರ್ ಇಂಟರ್‌ನ್ಯಾಶನಲ್ ಜರ್ನಲ್‌ಗೆ ಸೆಲೆಕ್ಟ್ ಆಗೇತ್ರಿ. ಮೂರ ದಿನದಾಗ ಉತ್ತರ ಬಂತು. ಐದ ಸಾವಿರ ರೂಪಾಯಿ ತುಂಬಬೇಕಂತ" ಎಂದ. ನನ್ನ ಪಿಂಚಣಿಯಿಂದ ಆ ಹಣ ಕೊಟ್ಟೆ. ಅಷ್ಟಕ್ಕೇ ನಿಲ್ಲಲಿಲ್ಲ. ಆ ವರ್ಷದ ಶಾಲಾ ವಾರ್ಷಿಕೋತ್ಸವದಲ್ಲಿ ಅವನನ್ನು ವೇದಿಕೆಗೆ ಕರೆಸಿ ಶಾಲು ಹೊದಿಸಿ, ಜಗತ್ತೇ ನಮ್ಮೂರ ಹುಡುಗನ ಮಾತನ್ನು ಕೇಳುತ್ತಿದೆ ಎಂದು ಭಾಷಣ ಮಾಡಿದೆ. ಅವನ ತಂದೆ ಹಿಂದಿನ ಸಾಲಿನಲ್ಲಿ ನಿಂತು ಕಣ್ಣೊರೆಸಿಕೊಂಡರು. ಲೇಖನವನ್ನು ಮಾತ್ರ ನಾನು ಓದಿರಲಿಲ್ಲ.

2016ರಲ್ಲಿ ಒಂದು ಕಾಲೇಜಿನಲ್ಲಿ ಅವನಿಗೆ ಸಂದರ್ಶನವಾಯಿತು. ಸಮಿತಿಯ ಹಿರಿಯರೊಬ್ಬರು ಆ ಲೇಖನವನ್ನು ಮುಂದಿಟ್ಟುಕೊಂಡು, "ಇದನ್ನು ಕಳಿಸಿದ ಮೇಲೆ ಯಾರು ಏನು ತಿದ್ದಿದರು?" ಎಂದು ಕೇಳಿದರಂತೆ. ಯಾರೂ ಏನೂ ತಿದ್ದಿರಲಿಲ್ಲ. "ನಿಮ್ಮ ಎರಡನೆಯ ಕೋಷ್ಟಕದ ಮೊತ್ತ ನೂರಕ್ಕೆ ನೂರಾಹನ್ನೊಂದು ಆಗುತ್ತದೆ. ಓದಿದವರಿದ್ದರೆ ಇದು ಉಳಿಯುತ್ತಿತ್ತೇ?" ಎಂದರಂತೆ. ಅಂದು ರಾತ್ರಿ ಕೊನೆಯ ಬಸ್ಸಿಗೆ ಇಳಿದು ಹುಡುಗ ನೇರವಾಗಿ ನಮ್ಮ ಮನೆಗೆ ಬಂದ. ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ: "ರೊಕ್ಕ ಹೋತು, ಹೋಗಲಿ ಸರ. ಅಪ್ಪಗ ಏನ ಹೇಳ್ಲಿ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೋಸ ಮಾಡಿದ್ದು ಹೆಸರಿಲ್ಲದ ಯಾವುದೋ ಪತ್ರಿಕೆ. ಆದರೆ ಓದದೆ ಶಾಲು ಹೊದಿಸಿದವನು ನಾನು. ಎರಡನೆಯ ಕೋಷ್ಟಕವನ್ನು ಕೂಡಿ ನೋಡಲು ಅರ್ಥಶಾಸ್ತ್ರ ಬೇಕಾಗಿರಲಿಲ್ಲ, ನಾಲ್ಕನೆಯ ಇಯತ್ತೆಯ ಗಣಿತ ಸಾಕಾಗಿತ್ತು.

ಇಂಥ ಪತ್ರಿಕೆಗಳಿಗೆ 'ಪ್ರಿಡೇಟರಿ', ಅಂದರೆ ಬೇಟೆಗಾರ ಪತ್ರಿಕೆಗಳೆಂದು ಹೆಸರಿದೆ ಎಂದು ಆಮೇಲೆ ಓದಿ ತಿಳಿದೆ. ಹಣ ಕೇಳುವ ಪತ್ರಿಕೆಗಳೆಲ್ಲ ಮೋಸದವಲ್ಲ. ಓದುಗರಿಗೆ ಉಚಿತವಾಗಿ ಸಿಗಲೆಂದು ಲೇಖಕರಿಂದ ಶುಲ್ಕ ಪಡೆದು, ಕಟ್ಟುನಿಟ್ಟಾಗಿ ಪರಿಶೀಲಿಸುವ ಒಳ್ಳೆಯ ಪತ್ರಿಕೆಗಳೂ ಇವೆ. ಹಣ ಪಡೆದು ಓದದೆ ಇರುವುದು ಮೋಸ. ಜಾನ್ ಬೊಹಾನನ್ ಎಂಬ ಪತ್ರಕರ್ತ ಬೇಕೆಂದೇ ದೊಡ್ಡ ತಪ್ಪುಗಳನ್ನಿಟ್ಟು ಕ್ಯಾನ್ಸರ್ ಔಷಧಿಯ ಬಗ್ಗೆ ಒಂದು ಸುಳ್ಳು ಲೇಖನ ತಯಾರಿಸಿ, 304 ಪತ್ರಿಕೆಗಳಿಗೆ ಕಳಿಸಿದ. 157 ಪತ್ರಿಕೆಗಳು ಅದನ್ನು ಒಪ್ಪಿಕೊಂಡವು! 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಆತ ಇದನ್ನು ಬಯಲು ಮಾಡಿದ. ಹಾಗೆ ಒಪ್ಪಿದವುಗಳಲ್ಲಿ ನಮ್ಮ ದೇಶದಲ್ಲಿ ನೆಲೆಸಿದ ಪತ್ರಿಕೆಗಳೂ ಬಹಳ ಇದ್ದವು ಎಂಬುದು ನಾಚಿಕೆಯ ಸಂಗತಿ.

ಇದಕ್ಕೆ ನಮ್ಮ ನಿಯಮಗಳೂ ಕಾರಣವಾದವು. 2009ರ ಯು.ಜಿ.ಸಿ. ನಿಯಮದಂತೆ ಪಿಎಚ್.ಡಿ. ಪ್ರಬಂಧ ಒಪ್ಪಿಸುವ ಮೊದಲು ಒಂದು ಲೇಖನವಾದರೂ ಪ್ರಕಟವಾಗಬೇಕಿತ್ತು. 2010ರಿಂದ ಅಧ್ಯಾಪಕರ ನೇಮಕಾತಿ, ಬಡ್ತಿಗಳಿಗೂ ಲೇಖನಗಳನ್ನು ಅಂಕಗಳಾಗಿ ಎಣಿಸತೊಡಗಿದರು. ಎಣಿಕೆ ಬಂದಲ್ಲಿ ಅಂಗಡಿಯೂ ಬರುತ್ತದೆ. ಯು.ಜಿ.ಸಿ. 2017ರಲ್ಲಿ ಒಪ್ಪಿತ ಪತ್ರಿಕೆಗಳ ಪಟ್ಟಿ ಮಾಡಿ, 2018ರ ಮೇ ತಿಂಗಳಲ್ಲಿ ಅದರಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಿತು. 2019ರಲ್ಲಿ 'ಕೇರ್' ಎಂಬ ಹೊಸ ಪಟ್ಟಿ ಬಂದಿತು. ಪಿಎಚ್.ಡಿ.ಗೆ ಪ್ರಕಟಣೆಯ ಕಡ್ಡಾಯವನ್ನು 2022ರಲ್ಲಿ ಕೈಬಿಟ್ಟರು. 2025ರ ಫೆಬ್ರವರಿಯಲ್ಲಿ 'ಕೇರ್' ಪಟ್ಟಿಯನ್ನೂ ನಿಲ್ಲಿಸಿ, ಪತ್ರಿಕೆಯ ಗುಣವನ್ನು ಆಯಾ ಸಂಸ್ಥೆಗಳೇ ಅಳೆಯಲಿ ಎಂದರು. ಅಂದರೆ ಪಾಟಿ ತಿರುಗಿ ನಮ್ಮ ಕೈಗೇ ಬಂದಿದೆ.

ಹುಡುಗ ಎದೆಗುಂದಲಿಲ್ಲ. ತಪ್ಪುಗಳನ್ನು ತಿದ್ದಿ, ಹೊಸದಾಗಿ ಬರೆದು, 2017ರಲ್ಲಿ ಹೆಸರುಳ್ಳ ಒಂದು ಪತ್ರಿಕೆಗೆ ಕಳಿಸಿದ. ಐದು ತಿಂಗಳ ಮೇಲೆ ಇಬ್ಬರು ಪರಿಶೀಲಕರ ಟಿಪ್ಪಣಿ ಬಂದಿತು. ಆರು ಪುಟ! ಕೈಯಲ್ಲಿ ಹಿಡಿದುಕೊಂಡು ಬಂದವನ ಮುಖ ಸಪ್ಪಗಾಗಿತ್ತು. "ಸರ, ಇವ್ರು ನನ್ನ ಮ್ಯಾಲೆ ಸೇಡ ತೀರಿಸಿಕೊಂಡಂಗ ಬರದಾರ್ರಿ" ಎಂದ. "ಕೂತು ಓದೂಣು ಬಾರಪಾ" ಎಂದೆ. ಈ ಸಲ ನಿಜವಾಗಿಯೂ ಓದಿದೆ. ಇಂಗ್ಲಿಷು ಕಠಿಣವಾದಲ್ಲಿ ಅವನು ಬಿಡಿಸಿ ಹೇಳಿದ.

ರೈತ ಸಂಪರ್ಕ ಕೇಂದ್ರದ ಸಲಹೆ ಪಡೆದ ರೈತರೇ ಮೊದಲು ಗೋವಿನಜೋಳಕ್ಕೆ ತಿರುಗಿದರು ಎಂಬುದು ಲೇಖನದ ವಾದವಾಗಿತ್ತು. ಅರವತ್ತು ಮನೆಗಳನ್ನು ಸಂದರ್ಶಿಸಿದ್ದ. ಮೊದಲನೆಯ ಪರಿಶೀಲಕರು ಕೆಲವು ಪುಸ್ತಕಗಳನ್ನು ಓದಲು ಸೂಚಿಸಿದ್ದರು. ಎರಡನೆಯವರ ಒಂದು ಪ್ರಶ್ನೆ ಮಾತ್ರ ಇಬ್ಬರನ್ನೂ ಅಲುಗಾಡಿಸಿತು. ನಿಮ್ಮ ನಕ್ಷೆಯನ್ನು ನೋಡಿದರೆ ಅರವತ್ತು ಮನೆಗಳೂ ಡಾಂಬರು ರಸ್ತೆಯ ಬದಿಯ ಊರುಗಳಲ್ಲಿವೆ. ರಸ್ತೆಗೆ ಹತ್ತಿರವಿದ್ದವರು ಸಂಪರ್ಕ ಕೇಂದ್ರಕ್ಕೂ ಹತ್ತಿರ, ಮಾರುಕಟ್ಟೆಗೂ ಹತ್ತಿರ. ಹಾಗಿದ್ದರೆ ಬೆಳೆ ಬದಲಾದದ್ದು ಸಲಹೆಯಿಂದಲೋ, ರಸ್ತೆಯಿಂದಲೋ? ಎಂಬುದು ಅದರ ಸಾರಾಂಶ.

ನಾನು ಅವನ ಮುಖ ನೋಡಿದೆ. "ಬಸ್ ಹೋಗೂ ಊರಿಗಷ್ಟ ಹೋಗಿದ್ನಿರಿ" ಎಂದು ಮೆಲ್ಲಗೆ ಒಪ್ಪಿಕೊಂಡ. ಕಲಘಟಗಿ ತಾಲ್ಲೂಕನ್ನು ಎಂದೂ ಕಾಣದ ಯಾರೋ ಒಬ್ಬರು, ಎಲ್ಲಿಯೋ ಕುಳಿತು, ನಾವಿಬ್ಬರೂ ಹುಟ್ಟಿ ಬೆಳೆದ ನೆಲದಲ್ಲಿ ನಮಗೆ ಕಾಣದ್ದನ್ನು ಕಂಡಿದ್ದರು.

ಮುಂದಿನ ಮಳೆಗಾಲದ ಮೊದಲು ಹುಡುಗ ಗೆಳೆಯನ ಬೈಕು ಪಡೆದು, ಬೈಕೂ ಹೋಗದ ಕಡೆ ನಡೆದು, ಅಡವಿಯ ಅಂಚಿನ ಊರುಗಳಲ್ಲಿ ಇನ್ನೂ ನಲವತ್ತು ಮನೆಗಳನ್ನು ಸುತ್ತಿದ. ಲೆಕ್ಕ ಹಾಕಿದಾಗ ಅವನ ವಾದ ಅರ್ಧಕ್ಕರ್ಧ ಕುಸಿಯಿತು. ಸಲಹೆಗಿಂತ ರಸ್ತೆಯ ದೂರವೇ ಹೆಚ್ಚು ಮುಖ್ಯವಾಗಿತ್ತು. ಶೀರ್ಷಿಕೆಯನ್ನೇ ಬದಲಿಸಬೇಕಾಯಿತು. ಲೇಖನ 2019ರಲ್ಲಿ ಪ್ರಕಟವಾಯಿತು. ಹಾರ, ಶಾಲು ಯಾವುದೂ ಇರಲಿಲ್ಲ. ಅವನ ತಂದೆಗೆ ನಾನೇ ಹೋಗಿ ಇಡೀ ಕಥೆಯನ್ನು ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ಅವರು ಕೇಳಿ, "ಮೊದಲಿಂದು ಕಸ ತಗೀದ ಹೊಲ ಇದ್ದಂಗಿತ್ತು ಅನ್ರಿ" ಎಂದು ನಕ್ಕುಬಿಟ್ಟರು.

ಹಾಗೆಂದು ಪರಿಶೀಲನೆಯಾದದ್ದೆಲ್ಲ ಸತ್ಯ ಎಂದು ತಿಳಿಯಬಾರದು. ಪಾಟಿಯ ಗೆಳೆಯರು ದೊಡ್ಡವರಲ್ಲಿಯೂ ಇದ್ದಾರೆ. ಸುಳ್ಳು ಪರಿಶೀಲಕರ ಹೆಸರು ಸೃಷ್ಟಿಸಿಕೊಂಡು ತಮಗೆ ತಾವೇ ಒಪ್ಪಿಗೆ ಬರೆದುಕೊಂಡ ಜಾಲವೊಂದು ಬಯಲಾಗಿ, 2014ರಲ್ಲಿ ವಿದೇಶದ ಒಂದೇ ಪತ್ರಿಕೆ 60 ಲೇಖನಗಳನ್ನು ಹಿಂತೆಗೆದುಕೊಂಡಿತು.

ನಮ್ಮ ಮಗ್ಗುಲಲ್ಲೇ ನಡೆದ ಉದಾಹರಣೆಯೂ ಇದೆ. ಹತ್ತಿಯ ತಳಿಗಳಿಗೆ ಧಾರವಾಡದ ಹೆಸರು ದೊಡ್ಡದು. 1972ರ ವರಲಕ್ಷ್ಮಿ, 1981ರ ಜಯಲಕ್ಷ್ಮಿ ಎಂಬ ಡಿ.ಸಿ.ಎಚ್.-32 ಎರಡೂ ಇಲ್ಲಿಯವೇ. ಮುಂದೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ, ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ದೆಹಲಿಯ ವಿಜ್ಞಾನಿಗಳು ಸೇರಿ, ಸರ್ಕಾರಿ ರಂಗದ್ದೇ ಆದ ಬಿಟಿ ಹತ್ತಿಯನ್ನು ಬಿಕಾನೇರಿ ನರ್ಮಾ ತಳಿಯಲ್ಲಿ ರೂಪಿಸಿದರು. ರೈತರು ಬೀಜ ಉಳಿಸಿ ಮತ್ತೆ ಬಿತ್ತಬಹುದೆಂಬುದು ಅದರ ದೊಡ್ಡ ಆಶ್ವಾಸನೆಯಾಗಿತ್ತು. ಆ ಕೆಲಸದ ಲೇಖನ 2007ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬಂದಿತು. 2008ರಲ್ಲಿ ಬೇಸಾಯಕ್ಕೆ ಒಪ್ಪಿಗೆ ಸಿಕ್ಕಿತು, 2009ರಲ್ಲಿ ಬೀಜ ರೈತರ ಕೈಗೆ ಹೋಯಿತು. ಆದರೆ ಅದರಲ್ಲಿ ಮಾನ್ಸಾಂಟೊ ಕಂಪನಿಯ ವಂಶವಾಹಿ ಸೇರಿರುವುದು ಕಂಡುಬಂದು ಬೀಜವನ್ನು ಹಿಂತೆಗೆದುಕೊಳ್ಳಬೇಕಾಯಿತು. ಸುಧೀರ್ ಸೋಪೋರಿ ಅವರ ನೇತೃತ್ವದ ಸಮಿತಿ 2012ರಲ್ಲಿ ಕೊಟ್ಟ ವರದಿಯೂ ಆ ಬೆರಕೆಯನ್ನು ದೃಢಪಡಿಸಿತು.

ಪರಿಶೀಲಕರು ಓದುವುದು ಕಾಗದವನ್ನು. ಅವರು ಪ್ರಯೋಗಶಾಲೆಗೆ ಹೋಗಿ ಕುಂಡದಲ್ಲಿಯ ಗಿಡವನ್ನು ಕಿತ್ತು ನೋಡುವುದಿಲ್ಲ. ಕಾಗದದ ಮೇಲೆ ತರ್ಕ ಸರಿಯಾಗಿದ್ದೂ ನೆಲದಲ್ಲಿ ಬೇರೆಯಿರಬಹುದು. ಆದ್ದರಿಂದ ಅಚ್ಚಾದ ಮೇಲೂ ಇತರರು ಮತ್ತೆ ಮಾಡಿ ನೋಡಬೇಕು, ಪ್ರಶ್ನಿಸಬೇಕು. ಪಿಯರ್ ರಿವ್ಯೂ ಎಂಬುದು ಕಾಳನ್ನು ಒಮ್ಮೆ ಮೊರದಲ್ಲಿ ಕೇರಿದಂತೆ. ಹೊಟ್ಟು ಹಾರುತ್ತದೆ, ಕಲ್ಲು ಉಳಿಯಬಹುದು.

ಇಷ್ಟೆಲ್ಲ ತಿಳಿದ ಮೇಲೆ ನನ್ನ ಮಾಸ್ತರಿಕೆಯನ್ನೇ ತಿರುಗಿ ನೋಡಿಕೊಂಡೆ. ಪಾಟಿಗಳ ವಿಷಯದಲ್ಲಿ ಜಾಣತನ ತೋರಿದ ನಾನು, ಹೈಸ್ಕೂಲಿನಲ್ಲಿ ನಿಮ್ಮ ನಿಬಂಧದ ವಹಿಗಳ ಕೆಳಗೆ ಎಷ್ಟು ಸಲ ಕೇವಲ ಒಂದು ಗೆರೆ ಎಳೆದು 'ನೋಡಲಾಗಿದೆ' ಎಂದು ಸಹಿ ಮಾಡಿದ್ದೇನೆ! ಈಗ ಐವತ್ತು ದಾಟಿದ ನಿಮ್ಮಲ್ಲಿ ಕೆಲವರ ಬಳಿ ಆ ವಹಿಗಳು ಉಳಿದಿರಬಹುದು. ಕ್ಷಮಿಸಿರಿ. ನೋಡಿದ್ದೆ, ಓದಿರಲಿಲ್ಲ.

ಆ ಹುಡುಗ ಈಗ ಕಾಲೇಜೊಂದರಲ್ಲಿ ಅಧ್ಯಾಪಕ. ಹೋದ ದೀಪಾವಳಿಗೆ ಊರಿಗೆ ಬಂದಾಗ ಎರಡು ದಿನ ನಮ್ಮ ಕಟ್ಟೆಯ ಮೇಲೆ ಕುಳಿತು ಏನೋ ಓದುತ್ತ, ಅಂಚಿನಲ್ಲಿ ಬರೆಯುತ್ತ ಇದ್ದ. ಹಬ್ಬದ ಹೊತ್ತಿನಲ್ಲಿ ಏನದು ಎಂದು ಕೇಳಿದೆ. ಒಂದು ಪತ್ರಿಕೆಯವರು ಪರಿಶೀಲನೆಗೆ ಕಳಿಸಿದ ಲೇಖನ, ಯಾರದೆಂದು ತನಗೂ ಗೊತ್ತಿಲ್ಲ ಎಂದ. "ರೊಕ್ಕ ಏನಾರ ಕೊಡ್ತಾರೇನಪಾ?" ಎಂದೆ. ಇಲ್ಲವೆಂದು ತಲೆಯಾಡಿಸಿದ.

ನನ್ನ ಕುತೂಹಲ ತಡೆಯಲಿಲ್ಲ. ಕನ್ನಡಕ ಏರಿಸಿಕೊಂಡು, ಎಲ್ಲಿ ನೋಡೋಣ ಎಂದು ಕೈ ಚಾಚಿದೆ. ಅವನು ಹಾಳೆಗಳನ್ನು ಮೆಲ್ಲಗೆ ಎದೆಗೆ ಒತ್ತಿಕೊಂಡು, ತುಸು ನಾಚಿ ಹೇಳಿದ: "ತಪ್ಪ ತಿಳೀಬ್ಯಾಡ್ರಿ ಸರ. ಇದನ್ನ ಯಾರಿಗೂ ತೋರಸಬಾರದು."

ನಾನು ಚಾಚಿದ ಕೈಯನ್ನು ಹಿಂತೆಗೆದುಕೊಂಡೆ. ನನ್ನ ವಿದ್ಯಾರ್ಥಿಯೊಬ್ಬ ನನಗೆ ಇಲ್ಲವೆಂದದ್ದಕ್ಕೆ ಅಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ. ಒಳಗೆ ಹೋಗಿ ಅವನಿಗೆ ಇನ್ನೊಂದು ಲೋಟ ಚಹಾ ತರಲು ಹೇಳಿದೆ.